ಎತ್ತಬಲ್ಲಷ್ಟು ಕಾಳು

ಮಾಲ್ಚಾ ಊರಿನವರ ಮಕ್ಕಳು ಮರಿಮಕ್ಕಳು ಈಗ ಹರಿಯಾಣದ ಸೋನೀಪತ್ ಬಳಿಯ ಹರಸಾನಾ ಮಾಲ್ಚಾದಲ್ಲಿದ್ದಾರೆ. ಅವರ ಊರು ಇದ್ದ ನೆಲ ದೆಹಲಿಯ ಚಾಣಕ್ಯಪುರಿಯಲ್ಲಿದೆ. ಅಲ್ಲಿ ರಾಯಭಾರ ಕಚೇರಿಗಳ ನೆರೆಯಲ್ಲಿ ಹಾಯುವ ಒಂದು ರಸ್ತೆಗೆ ಮಾಲ್ಚಾ ಮಾರ್ಗ ಎಂದು ಹೆಸರು. ಕೌಟಿಲ್ಯ ಮಾರ್ಗದ ಕರ್ನಾಟಕ ಭವನದಿಂದ ನಡೆದೇ ಹೋಗಬಹುದು. ಊರಿಂದ ಬಂದ ನೆಂಟರನ್ನು ಭವನದಲ್ಲಿ ಇಳಿಸಿ, ಸಂಜೆ ತಿರುಗಾಡಲು ಆ ಕಡೆಗೆ ಕರೆದುಕೊಂಡು ಹೋದ ಕನ್ನಡಿಗರು ದೆಹಲಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೇವಿನ ಮರಗಳ ನೆರಳು, ಅಗಲವಾದ ಪಾದಚಾರಿ ದಾರಿ, ಕಾವಲು ಗೂಡುಗಳು. ಇಲ್ಲಿ ಒಂದು ಕಣ ಇತ್ತು, ಗೋಧಿ ತೂರುತ್ತಿದ್ದರು ಎಂದು ಹೇಳಿದರೆ ನೆಂಟರು ನಂಬುವುದು ಕಷ್ಟ.

1911ರ ಡಿಸೆಂಬರ್ 12ರ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ತರುವುದಾಗಿ ಸಾರಿದ. ಆಮೇಲೆ 1894ರ ಭೂಸ್ವಾಧೀನ ಕಾಯ್ದೆಯ ಕೈಗೆ ಸಿಕ್ಕ ಹಳ್ಳಿಗಳಲ್ಲಿ ರೈಸಿನಾ, ಮಾಲ್ಚಾ, ಕುಶಕ್, ಪಿಲಂಜಿ, ಅಲೀಗಂಜ್ ಕೆಲವು. ಹೊಸದಿಲ್ಲಿಯ ಕಥೆಯನ್ನು ವಾಸ್ತುಶಿಲ್ಪಿಗಳಾದ ಲಟ್ಯನ್ಸ್ ಮತ್ತು ಬೇಕರ್ ಅವರಿಂದ ಶುರು ಮಾಡುವುದು ರೂಢಿ. ಅವರ ನಕಾಶೆಗಿಂತ ಮೊದಲು ಗುಡ್ಡ ಇತ್ತು, ಗುಡ್ಡದ ಜೊತೆಗೆ ಊರು ಇತ್ತು. ಪತ್ರಿಕೆಗಳು ಈಗಲೂ ರಾಷ್ಟ್ರಪತಿ ಭವನಕ್ಕೆ ರೈಸಿನಾ ಹಿಲ್ ಎನ್ನುತ್ತವೆ. ಮಾಲ್ಚಾದವರ ವಾರಸುದಾರರು ಪರಿಹಾರ ಬಂದಿಲ್ಲವೆಂದು ನೂರು ವರ್ಷ ದಾಟಿದ ಮೇಲೂ ದೆಹಲಿಯ ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ.

ಹಾಗಾದರೆ ಹೋದದ್ದು ಏನು? ನೆಲ ಅಲ್ಲೇ ಇದೆ. ಹೆಸರು ಇದೆ. ವಂಶವೂ ಇದೆ, ಬೇರೆ ಕಡೆ ಗೋಧಿ ಬೆಳೆಯುತ್ತ ಬಾಳಿದೆ. ಆದರೂ ಮಾಲ್ಚಾ ಇಲ್ಲ. ಈ ಮಹಾನಗರದ ಹೊಟ್ಟೆಯೊಳಗೆ ಹೋದ ಹಳ್ಳಿಗಳ ನಡುವೆ ಬದುಕುತ್ತ ನನ್ನನ್ನು ಬಹಳ ಕಾಲದಿಂದ ಕಾಡಿರುವ ಪ್ರಶ್ನೆ ಇದು: ನೆಲ, ಹೆಸರು, ವಂಶ ಮೂರೂ ಉಳಿದು ಊರೊಂದು ಇಲ್ಲವಾಗುವುದು ಹೇಗೆ?

ದೆಹಲಿ ಸೀಮೆಯ ಹಳೆಯ ಕಂದಾಯದ ಕಾಗದಗಳಲ್ಲಿ ಇದಕ್ಕೊಂದು ಉತ್ತರ ಅಡಗಿದೆ. ಹತ್ತೊಂಬತ್ತನೆಯ ಶತಮಾನದ ಕಂದಾಯ ಬಂದೋಬಸ್ತುಗಳಲ್ಲಿ ಅಧಿಕಾರಿಗಳು ಹಳ್ಳಿ ಹಳ್ಳಿಗೂ ವಾಜಿಬ್-ಉಲ್-ಅರ್ಜ್ ಎಂಬ ದಸ್ತಾವೇಜು ಮಾಡಿಸುತ್ತಿದ್ದರು. ನೀರು ಯಾರಿಗೆ, ಹುಲ್ಲುಗಾವಲು ಯಾರಿಗೆ, ಬೀಳು ಬಿದ್ದ ಜಾಗ ಯಾರದು, ಊರ ಒಟ್ಟು ಖರ್ಚನ್ನು ಯಾರು ಹೊರಬೇಕು, ಇವೆಲ್ಲ ಊರವರ ಬಾಯಿಂದ ಕೇಳಿ ಬರೆದದ್ದು. ಆಸ್ವಾಲ್ಡ್ ವುಡ್ 1872ರಲ್ಲಿ ಹಿಡಿದು, ಮೆಕೊನೊಕಿ 1880ರಲ್ಲಿ ಮುಗಿಸಿದ ದೆಹಲಿ ಜಿಲ್ಲೆಯ ಬಂದೋಬಸ್ತಿನ ವರದಿ ಅಚ್ಚಾದದ್ದು 1882ರಲ್ಲಿ. ಅದರಲ್ಲಿ ನೆಲವನ್ನು ಮಣ್ಣಿನ ಬಗೆಯಿಂದ ವಿಂಗಡಿಸಿದೆ: ಯಮುನೆಯ ನೆರೆ ಬಂದು ಹೋಗುವ ಖಾದರ್, ಅದರ ಮೇಲಿನ ಒಣ ಬಾಂಗರ್, ನಜಫ್‌ಗಢದ ಜವುಗಿನ ಡಾಬರ್, ಅರಾವಳಿಯ ಕಲ್ಲುನೆಲದ ಕೋಹಿ. ಇಂದು ಮೆಟ್ರೊ ಸಾಲುಗಳಿಂದ ದೆಹಲಿಯನ್ನು ಗುರುತಿಸುವ ನಮಗೆ ಮಣ್ಣಿನಿಂದ ಗುರುತಿಸಿದ ಆ ದೆಹಲಿ ಬೇರೆಯೇ ದೇಶದಂತೆ ಕಾಣುತ್ತದೆ.

ಇಂಥ ಹಳ್ಳಿಗಳಲ್ಲಿ ಕಸುಬಿನವರಿಗೆ ಸುಗ್ಗಿಯಲ್ಲಿ ಸಲ್ಲಬೇಕಾದ ಪಾಲಿನ ಲೆಕ್ಕವನ್ನು ಅಮೆರಿಕದ ಮಾನವಶಾಸ್ತ್ರಜ್ಞ ಆಸ್ಕರ್ ಲೂಯಿಸ್ 1950ರ ದಶಕದಲ್ಲಿ, ದೆಹಲಿಯ ಪಶ್ಚಿಮಕ್ಕಿರುವ ಒಂದು ಜಾಟರ ಹಳ್ಳಿಯಲ್ಲಿ ದಾಖಲಿಸಿದರು. ಊರಿನ ನಿಜವಾದ ಹೆಸರು ಮುಚ್ಚಿ ರಾಂಪುರ ಎಂದು ಕರೆದರು. ಬಡಗಿ ನೇಗಿಲು ನೊಗ ಸರಿಪಡಿಸಿಕೊಡಬೇಕು. ಅವನಿಗೆ ವರ್ಷಕ್ಕೆ ಒಂದು ಮಣ ಕಾಳು, ಈಗಿನ ಲೆಕ್ಕದಲ್ಲಿ ಸುಮಾರು 37 ಕಿಲೋ. ಅದಲ್ಲದೆ ಎರಡು ಬಿತ್ತನೆಯ ಕಾಲದಲ್ಲೂ ಎರಡೂವರೆ ಸೇರು. ಕಮ್ಮಾರನಿಗೂ ಅಷ್ಟೇ. ಕುಂಬಾರನಿಗೆ ಕೊಟ್ಟ ಮಡಕೆಯ ಬೆಲೆಯಷ್ಟು ಕಾಳು, ಮನೆಯಲ್ಲಿ ಮದುವೆಯಾದರೆ ಯೋಗ್ಯತೆ ನೋಡಿ ಇನ್ನಷ್ಟು. ಕ್ಷೌರಿಕನಿಗೆ ಮಣ ಸೇರುಗಳ ಲೆಕ್ಕವೇ ಇಲ್ಲ. ಸುಗ್ಗಿಯ ದಿನ ಅವನೊಬ್ಬನೇ ಎತ್ತಬಲ್ಲಷ್ಟು ಕಾಳು ಅವನದು.

ಈ ಒಂದು ಕರಾರಿನ ಮುಂದೆ ನಾನು ಎಷ್ಟೋ ಹೊತ್ತು ನಿಂತಿದ್ದೇನೆ. ಬೈಸಾಖದ ಬಿಸಿಲು, ಕಣದಲ್ಲಿ ಗೋಧಿಯ ರಾಶಿ, ಸುತ್ತ ನಿಂತ ಮನೆಯವರು. ಕ್ಷೌರಿಕ ಕುಕ್ಕರಗಾಲಲ್ಲಿ ಕೂತು ಹಚ್ಚಡದ ನಾಲ್ಕು ಮೂಲೆ ಕೂಡಿಸಿ ಗಂಟು ಹಾಕುತ್ತಾನೆ. ಇನ್ನೊಂದು ಮೊರ ಸುರಿಯಲೇ ಎಂದು ಯಾರೋ ಕೇಳುತ್ತಾರೆ. ಅವನು ತನ್ನ ಸೊಂಟವನ್ನು ನಂಬಿ ಉತ್ತರ ಕೊಡಬೇಕು. ಆಸೆಪಟ್ಟು ಹೆಚ್ಚು ತುಂಬಿದರೆ ಗಂಟು ಮೇಲೇಳುವುದಿಲ್ಲ, ಅಂಜಿ ಕಡಿಮೆ ತುಂಬಿದರೆ ಮನೆಯಲ್ಲಿ ಮಾಗಿಯ ಹೊತ್ತಿಗೆ ಹಿಟ್ಟು ಮುಗಿಯುತ್ತದೆ. ಇಪ್ಪತ್ತೈದರ ಹರೆಯದಲ್ಲಿ ಎತ್ತಿದಷ್ಟನ್ನು ಅರವತ್ತರಲ್ಲಿ ಎತ್ತಲಾಗದು. ಗಡ್ಡ ಹೆರೆಯುವ ಕೈ ವಯಸ್ಸಾದಂತೆ ಪಳಗುತ್ತದೆ, ಹೊರುವ ಬೆನ್ನು ಬಾಗುತ್ತದೆ. ಊರು ಅವನಿಗೆ ಕೊಟ್ಟ ಅಳತೆಗೋಲು ಅವನ ದೇಹವೇ. ಅಂದರೆ ಸವೆಯುವ ಅಳತೆ. ಎಷ್ಟು ವರ್ಷ ಎಷ್ಟು ಕಾಳು ಎಂದು ಬರೆದಿಡಬಹುದಾಗಿದ್ದ ಕಡೆ, ಮನುಷ್ಯನ ಬಲವೇ ಲೆಕ್ಕ ಎಂದು ಒಪ್ಪಿಕೊಂಡ ಆ ಜನ ಅನಿತ್ಯವನ್ನು ತತ್ವವಾಗಿ ಕಲಿತವರಲ್ಲ. ಅದನ್ನು ಕಣದಲ್ಲಿ ಪ್ರತಿವರ್ಷ ಕಣ್ಣಾರೆ ಕಾಣುತ್ತಿದ್ದವರು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಕಣದಲ್ಲಿ ರಾಶಿಪೂಜೆ ಮುಗಿದೊಡನೆ ಆಯಗಾರರಿಗೆ ಆಯ ಅಳೆಯುತ್ತಿದ್ದರು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದವ, ತಳವಾರ. ಮುಂಬೈ ಕರ್ನಾಟಕದಲ್ಲಿ ಬಾರಾ ಬಲೂತಿ ಎಂದು ಹನ್ನೆರಡು ಮಂದಿಯನ್ನು ಎಣಿಸುತ್ತಿದ್ದರು. ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಪಟೇಲ ಶ್ಯಾನುಭೋಗರಿಂದ ಹಿಡಿದು ತೋಟಿ ತಳವಾರರವರೆಗೆ ವಂಶದಿಂದ ಇಳಿದುಬಂದ ಹುದ್ದೆಗಳನ್ನು ತೆಗೆದುಹಾಕಿತು. ಕಸುಬಿನ ಆಯ ಮಾತ್ರ ಯಾವ ಕಾಯ್ದೆಗೂ ಕಾಯದೆ ಮೆಲ್ಲಗೆ ನಿಂತುಹೋಯಿತು. ಕಬ್ಬಿಣದ ನೇಗಿಲು ಅಂಗಡಿಯಿಂದ ಬಂತು, ಅಲ್ಯೂಮಿನಿಯಂ ಬಿಂದಿಗೆ ಸಂತೆಯಿಂದ ಬಂತು.

ಮಾಲ್ಚಾದಲ್ಲಿ ಹೋದದ್ದು ಇದೇ ಎಂದು ನಾನು ತಿಳಿದಿದ್ದೇನೆ. ಕಾಯ್ದೆಯ ಮಟ್ಟಿಗೆ ಹೊಲಕ್ಕೆ ಪರಿಹಾರ ಇತ್ತು, ಮನೆಗೆ ಪರಿಹಾರ ಇತ್ತು. ಸುಗ್ಗಿಯ ದಿನ ಎತ್ತಬಲ್ಲಷ್ಟು ಎತ್ತಿಕೊಳ್ಳುವ ಹಕ್ಕಿಗೆ ಯಾವ ಸರ್ಕಾರವೂ ದರ ಕಟ್ಟಲಿಲ್ಲ. ಜಮೀನಿನ ಒಡೆಯ ಹರಸಾನಾಕ್ಕೆ ಹೋಗಿ ಬೇರೆ ಜಮೀನು ಹಿಡಿಯಬಹುದು. ಅವನ ಮನೆಯ ಮಗುವಿಗೆ ಮೊದಲ ಕೂದಲು ತೆಗೆಯುವ ಹಕ್ಕು ಇದ್ದವನು ಎಲ್ಲಿಗೆ ಹೋಗಬೇಕು? ಅಲ್ಲಿ ಆಗಲೇ ಒಬ್ಬ ಇರುತ್ತಾನೆ. ಒಂದು ಮನೆಯ ಮೇಲೆ ಇನ್ನೊಂದು ಮನೆಗಿರುವ ಹಕ್ಕು ಮತ್ತು ಋಣಗಳ ಹೆಣಿಗೆ ಎಲ್ಲಕ್ಕಿಂತ ಮೊದಲು ಅಳಿಯುತ್ತದೆ. ಉಳಿ, ಬಾಚಿ, ಸುತ್ತಿಗೆಗಳು ಆಮೇಲೂ ಬಹಳ ಕಾಲ ಮೂಲೆಯಲ್ಲಿ ಬಿದ್ದಿರುತ್ತವೆ.

ಆ ಹೆಣಿಗೆಯನ್ನು ನೋಡಿ ಬರೆದಿಟ್ಟವರಲ್ಲಿ ಇಬ್ಬರ ಕಥೆ ಇಲ್ಲಿ ಹೇಳಲೇಬೇಕು. ಜೇಮ್ಸ್ ಸ್ಕಿನ್ನರ್‌ನ ತಂದೆ ಸ್ಕಾಟ್ಲೆಂಡಿನವ, ತಾಯಿ ರಜಪೂತಳು. ಕುದುರೆ ಸವಾರರ ಪಡೆ ಕಟ್ಟಿ ಹಾಂಸಿಯಲ್ಲಿ ನೆಲೆಸಿದ್ದ ಇವನು 1825ರಲ್ಲಿ ತಶ್ರೀಹ್ ಅಲ್-ಅಕ್ವಾಮ್ ಎಂಬ ದೊಡ್ಡ ಪುಸ್ತಕವನ್ನು ಫಾರಸಿಯಲ್ಲಿ ಮಾಡಿಸಿದ. ದೆಹಲಿ ಸುತ್ತಿನ ಜಾತಿಗಳು, ಕಸುಬುಗಳು, ಪಂಥಗಳ ವಿವರ. ನೂರಕ್ಕೂ ಮಿಕ್ಕಿ ವರ್ಣಚಿತ್ರಗಳು. ಅವನು ಆ ಪುಸ್ತಕದ ಒಂದು ಪ್ರತಿಯನ್ನು ಕಾಣಿಕೆ ಕೊಟ್ಟದ್ದು ಸರ್ ಜಾನ್ ಮಾಲ್ಕಮ್‌ಗೆ. ಸ್ಕಾಟ್ಲೆಂಡಿನ ಎಸ್ಕ್‌ಡೇಲ್ ಕಣಿವೆಯ ಗೇಣಿ ರೈತನೊಬ್ಬನ ಮಗ ಈ ಮಾಲ್ಕಮ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರನ್ನು ಹಂಚಿದ ಕಮಿಷನ್ನಿಗೆ ಗ್ಲಾಸ್ಗೊದ ಥಾಮಸ್ ಮನ್ರೊ ಜೊತೆಗೆ ಕಾರ್ಯದರ್ಶಿಯಾಗಿದ್ದವನೂ ಇವನೇ.

ಇನ್ನೊಬ್ಬ ವಿಲಿಯಂ ಫ್ರೇಸರ್. ಇನ್ವರ್ನೆಸ್ ಬಳಿಯ ರೀಲಿಗ್ ಅವನ ಮನೆ. ಸಾಲದಲ್ಲಿ ಮುಳುಗಿದ್ದ ಮನೆತನದ ಐದು ಮಂದಿ ಅಣ್ಣತಮ್ಮಂದಿರು ಹಿಂದೂಸ್ತಾನಕ್ಕೆ ಬಂದರು. 1805ರಲ್ಲಿ ದೆಹಲಿಗೆ ಬಂದ ವಿಲಿಯಂ ಸುತ್ತಲ ಹಳ್ಳಿಗಳಲ್ಲಿ ಕಂದಾಯ ನಿಗದಿ ಮಾಡುತ್ತ ತಿರುಗಿದ. 1815ರಿಂದ 1819ರವರೆಗೆ ಅವನೂ ಅವನ ಅಣ್ಣ ಜೇಮ್ಸನೂ ದೆಹಲಿಯ ಚಿತ್ರಗಾರರಿಂದ ಬರೆಸಿದ ಚಿತ್ರಗಳು 1979ರಲ್ಲಿ ಮನೆತನದ ಕಾಗದಪತ್ರಗಳ ನಡುವೆ ಸಿಕ್ಕವು. ನವಾಬರು, ನರ್ತಕಿಯರು ಇದ್ದಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಹಳ್ಳಿಗರ ಚಿತ್ರಗಳು. ಪಡೆಗೆ ಸೇರಲು ಬಂದ ಹುಡುಗರು ಸಾಲಾಗಿ ನಿಂತಿದ್ದಾರೆ, ಬರಿಗಾಲು, ಒರಟು ಬಟ್ಟೆ, ಒಬ್ಬೊಬ್ಬನ ಮುಖವೂ ಬೇರೆ. ಹೆಸರುಗಳನ್ನೂ ಬರೆದಿದೆ. ಸುಲ್ತಾನರ ಕಾಲದಿಂದ ದೆಹಲಿಯ ಸುತ್ತ ಉತ್ತ ಕೋಟ್ಯಂತರ ಜನರಲ್ಲಿ ಮುಖ ಮತ್ತು ಹೆಸರು ಎರಡೂ ಉಳಿದವರು ಬಹುಶಃ ಇಷ್ಟೇ ಮಂದಿ.

ಫ್ರೇಸರ್ ಇಲ್ಲಿ ಹಳ್ಳಿಗಳ ಎಲ್ಲೆ ಗುರುತಿಸುತ್ತಿದ್ದ ಕಾಲಕ್ಕೇ, ಅವನ ನಾಡಿನ ಉತ್ತರದ ಕಣಿವೆಗಳಲ್ಲಿ ಗೇಣಿ ಒಕ್ಕಲುಗಳನ್ನು ಎಬ್ಬಿಸಿ ಕುರಿ ಬಿಡುವುದು ನಡೆದಿತ್ತು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯ ಜನ ತಿರುಗಿ ಬಾರದಿರಲೆಂದು ಮನೆಗಳ ಮಾಡಿನ ಮರಕ್ಕೆ ಬೆಂಕಿಯಿಟ್ಟರು. ಅದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲೇ ಸರ್ ಜಾನ್ ಸಿಂಕ್ಲೇರ್ ಸ್ಕಾಟ್ಲೆಂಡಿನ ಚರ್ಚು ಚರ್ಚಿನ ಪಾದ್ರಿಗಳಿಗೆ ಪ್ರಶ್ನೆಗಳ ಪಟ್ಟಿ ಕಳಿಸಿದ್ದರು. ನಿಮ್ಮ ಊರಲ್ಲಿ ನೇಕಾರರೆಷ್ಟು, ಕಮ್ಮಾರರೆಷ್ಟು, ಚಮ್ಮಾರರೆಷ್ಟು, ಆಳಿನ ಕೂಲಿ ಎಷ್ಟು, ಬಡವರನ್ನು ಸಾಕುವುದು ಹೇಗೆ? 1791ರಿಂದ 1799ರೊಳಗೆ ಉತ್ತರಗಳು 21 ಸಂಪುಟಗಳಾದವು. ಎರಡೂ ದೇಶಗಳಲ್ಲಿ ಊರನ್ನು ಬರೆದಿಡುವ ಆಸೆ ಮತ್ತು ಊರನ್ನು ಎಬ್ಬಿಸುವ ಬಲ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಎಷ್ಟೋ ಸಲ ಒಂದೇ ವರ್ಗದ ಜನರ ಕೈಗೆ ಬಂದವು. ಬರೆದವರ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಫ್ರೇಸರನನ್ನು 1835ರ ಮಾರ್ಚಿನಲ್ಲಿ ಗುಂಡಿಕ್ಕಿ ಕೊಂದರು. ಗೆಳೆಯ ಸ್ಕಿನ್ನರ್ ಕಾಶ್ಮೀರಿ ಗೇಟಿನಲ್ಲಿ ಕಟ್ಟಿಸಿದ ಸೇಂಟ್ ಜೇಮ್ಸ್ ಚರ್ಚಿನ ಅಂಗಳದಲ್ಲಿ ಅವನ ಸಮಾಧಿ ಇದೆ.

ಈ ಇಬ್ಬರ ಸಮಕಾಲೀನ ಚಾರ್ಲ್ಸ್ ಮೆಟ್‌ಕಾಫ್. 1811ರಿಂದ 1819ರವರೆಗೆ ದೆಹಲಿಯ ರೆಸಿಡೆಂಟ್ ಆಗಿದ್ದವನು. 1830ರಲ್ಲಿ ಅವನು ಬರೆದ ಒಂದು ಟಿಪ್ಪಣಿ ಭಾರತದ ಹಳ್ಳಿಗಳ ಬಗ್ಗೆ ಅತಿ ಹೆಚ್ಚು ಜನ ಉಲ್ಲೇಖಿಸಿದ ಬರಹ ಇರಬೇಕು. ಹಳ್ಳಿಗಳು ಪುಟ್ಟ ಗಣರಾಜ್ಯಗಳು, ತಮಗೆ ಬೇಕಾದ್ದೆಲ್ಲ ತಮ್ಮೊಳಗೇ ಇಟ್ಟುಕೊಂಡವು, ಬೇರೆ ಯಾವುದೂ ನಿಲ್ಲದ ಕಡೆ ಅವು ನಿಲ್ಲುತ್ತವೆ, ರಾಜವಂಶಗಳು ಉರುಳುತ್ತವೆ, ಹಳ್ಳಿ ಇದ್ದಂತೆಯೇ ಇರುತ್ತದೆ ಎಂಬುದು ಅದರ ಸಾರ. ಲೂಟಿಯೋ ಬರವೋ ಬಂದು ಜನ ಚದುರಿದರೂ, ಒಂದು ತಲೆಮಾರು ಕಳೆದ ಮೇಲೆ ಮಕ್ಕಳು ಬಂದು ಅದೇ ಹೊಲ, ಅದೇ ಮನೆಯ ಜಾಗ ಹಿಡಿಯುತ್ತಾರೆ ಎಂದು ಅವನ ವಾದ. ಇದು ಪುಸ್ತಕದಿಂದ ಹುಟ್ಟಿದ ಮಾತಲ್ಲ. 1783ರ ಚಾಲೀಸಾ ಬರದಲ್ಲಿ ದೆಹಲಿ, ಹರಿಯಾಣದ ಎಷ್ಟೋ ಹಳ್ಳಿಗಳು ಬರಿದಾಗಿದ್ದವು. ಅವು ಮತ್ತೆ ತುಂಬಿಕೊಳ್ಳುವ ಕಾಲದಲ್ಲಿ ಅವನು ಇಲ್ಲಿದ್ದ. ಬಂದವರು ಊರ ಹೊರಗಿನ ಭೂಮಿಯಾನ ಪುಟ್ಟ ಗುಡಿಗೆ ಸುಣ್ಣ ಬಳಿದು ದೀಪ ಹಚ್ಚಿದರೆ ಊರು ಮತ್ತೆ ಊರೇ. ದಾದಾ ಖೇಡಾ ಎಂದೂ ಕರೆಯುವ ಈ ದೇವರಿಗೆ ಮೂರ್ತಿ ಬೇಕೆಂದೇನಿಲ್ಲ. ಊರು ಕಟ್ಟಿದ ಮೊದಲಿಗನ ನೆನಪೇ ದೇವರು.

ಮೆಟ್‌ಕಾಫನ ಮಾತು ಕುಸಿದುಬಿದ್ದದ್ದು ಅವನು ಆಳಿದ ದೆಹಲಿಯಲ್ಲೇ. ಅವನ ತಮ್ಮ ಯಮುನೆಯ ದಂಡೆಯಲ್ಲಿ ಕಟ್ಟಿಸಿದ್ದ ಬಂಗಲೆಯನ್ನು 1857ರಲ್ಲಿ ಚಂದ್ರಾವಲ್‌ನ ಗುಜ್ಜರರು ಲೂಟಿ ಮಾಡಿದರು, ಬ್ರಿಟಿಷರು ಆ ಊರನ್ನು ಸುಟ್ಟು ಸೇಡು ತೀರಿಸಿಕೊಂಡರು. ಆಗಲೂ ಊರಿಗೆ ಮರಳುವ ದಾರಿ ಇತ್ತು. ಅರ್ಧ ಶತಮಾನದ ಮೇಲೆ ಬಂದ ಭೂಸ್ವಾಧೀನದ ಆಜ್ಞೆ ಮರಳುವ ದಾರಿಯನ್ನೇ ತೆಗೆದುಹಾಕಿತು. ಬರಕ್ಕೆ ಕೊನೆ ಇತ್ತು, ಗೆಜೆಟ್ಟಿನ ಪ್ರಕಟಣೆಗೆ ಕೊನೆ ಇರಲಿಲ್ಲ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮುಂದಿಡುತ್ತ ಅಂಬೇಡ್ಕರ್ ಇದೇ ಮೆಟ್‌ಕಾಫನ ಮಾತನ್ನು ಎತ್ತಿಕೊಂಡರು. ಹಳ್ಳಿಗಳು ಉಳಿದವು ನಿಜ, ಬರೀ ಉಳಿಯುವುದಕ್ಕೆ ಏನು ಬೆಲೆ, ಯಾವ ಮಟ್ಟದಲ್ಲಿ ಉಳಿದವು ಎಂದು ಕೇಳಿದರು. ಹಳ್ಳಿಯನ್ನು ಅಜ್ಞಾನದ, ಸಂಕುಚಿತತೆಯ, ಮತಭೇದದ ಕೊಂಪೆ ಎಂದರು. ಆ ಸಭೆ ಕೂಡಿದ್ದ ಕಟ್ಟಡ 1927ರಲ್ಲಿ ಉದ್ಘಾಟನೆಯಾದದ್ದು, ಹೊಸದಿಲ್ಲಿಗಾಗಿ ಎಬ್ಬಿಸಿದ ಹಳ್ಳಿಗಳ ನೆಲದಲ್ಲಿ ಎದ್ದದ್ದು. ಅಳಿದ ಊರುಗಳ ಮೇಲೆ ನಿಂತು ಊರು ಉಳಿಯಬೇಕೆ ಎಂಬ ಚರ್ಚೆ.

ಅಂಬೇಡ್ಕರ್ ಕೇಳಿದ ಪ್ರಶ್ನೆಯ ಮುಂದೆ ನನ್ನ ಕ್ಷೌರಿಕನ ಚಿತ್ರಕ್ಕೂ ಉತ್ತರ ಹೇಳುವ ಹೊಣೆ ಬರುತ್ತದೆ. ರಾಂಪುರದ ಅದೇ ಪಟ್ಟಿಯಲ್ಲಿ ಚಮ್ಮಾರನ ಹೆಸರಿನ ಮುಂದೆ ಬೇಗಾರ್ ಎಂದಿದೆ. ನಮ್ಮ ಬಿಟ್ಟಿ ಚಾಕರಿ. ಕರೆದಾಗ ಬರಬೇಕು, ಸತ್ತ ದನ ಎಳೆಯಬೇಕು, ಬಾವಿಯಿಂದ ದೂರ ನಿಲ್ಲಬೇಕು. ಬಡಗಿಗೆ ಹಕ್ಕು ಎನಿಸಿದ್ದು ಅವನಿಗೆ ಹಗ್ಗ. ಆ ಹೆಣಿಗೆ ಬಿಚ್ಚಿದ ದಿನ ಊರಕಟ್ಟೆಯಾದ ಚೌಪಾಲಿನಲ್ಲಿ ಹುಕ್ಕಾ ಸೇದುತ್ತಿದ್ದವರಿಗೆ ನಷ್ಟವಾಯಿತು, ಊರಾಚೆಯ ಕೇರಿಗೆ ಉಸಿರು ಬಂತು. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬುದ್ಧನ ಮಾರ್ಗ ಹಿಡಿದರು. ಎಲ್ಲವೂ ಅನಿತ್ಯ ಎಂದು ಸಾರಿದ ಮಾರ್ಗ ಅದು. ಹುಟ್ಟಿನಿಂದ ಅಂಟಿದ ಕಸುಬು, ಹುಟ್ಟಿನಿಂದ ಅಂಟಿದ ಕೇರಿ ಇವೆಲ್ಲ ಸನಾತನ ಎಂದು ಕೇಳುತ್ತ ಬೆಳೆದವನಿಗೆ ಅನಿತ್ಯ ಎಂಬುದಕ್ಕಿಂತ ದೊಡ್ಡ ಅಭಯ ಯಾವುದಿದೆ? ಮಾಡಿದ್ದನ್ನು ಬಿಚ್ಚಬಹುದು ಎಂಬ ಭರವಸೆ ಅದು. ನಾವು ಅನಿತ್ಯವನ್ನು ಸ್ಮಶಾನದ ಮಾತಾಗಿ ಮಾಡಿಕೊಂಡಿದ್ದೇವೆ. ಅದು ಬಿಡುಗಡೆಯ ಮಾತೂ ಹೌದು.

ಆದರೆ ಅದನ್ನು ನೆಪವಾಗಿಯೂ ಬಳಸಲಾಗುತ್ತದೆ, ನನಗೆ ಸಿಟ್ಟು ಬರುವುದು ಅಲ್ಲಿ. ಕಾಲ ಯಾರನ್ನು ಬಿಟ್ಟಿದೆ, ದೆಹಲಿ ಏಳು ಸಲ ಬಿದ್ದು ಎದ್ದ ಊರು, ಹಳ್ಳಿಗಳು ಹೋದವು ಎಂದರೆ ಅದು ಕಾಲಧರ್ಮ ಎನ್ನುತ್ತಾರೆ. 1894ರ ಕಾಯ್ದೆ ಹಳ್ಳಿಯನ್ನು ಎಬ್ಬಿಸಿತು. ಹತ್ತೇ ವರ್ಷದ ಮೇಲೆ ಕರ್ಜನ್ ಕಾಲದ 1904ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಗೋರಿಯನ್ನು ಕಾಪಾಡಿತು. ಎರಡನ್ನೂ ಒಟ್ಟಿಗೆ ಓದಿದರೆ ಕಾಲಧರ್ಮದ ಮಾತು ನಿಲ್ಲುವುದಿಲ್ಲ. ಪುರಾನಾ ಕಿಲಾದ ಗೋಡೆಗಳ ಒಳಗೆ ಇಂದರ್‌ಪತ್ ಎಂಬ ಹಳ್ಳಿ ಇತ್ತು. ಹೊಸ ರಾಜಧಾನಿಗೆ ಕೋಟೆ ಚೆಂದ ಕಾಣಲೆಂದು ಜನರನ್ನು ಹೊರಗೆ ಹಾಕಿದರು. ತುಘಲಕರ ಕಾಲದ ಬೇಗಂಪುರಿ ಮಸೀದಿಯ ಕಮಾನುಗಳ ಕೆಳಗೆ ತಲೆಮಾರುಗಳಿಂದ ಒಲೆ ಉರಿಸುತ್ತಿದ್ದ ಊರನ್ನೂ ಹೊರಗೆ ಕಳಿಸಿದರು. ಕಲ್ಲು ಉಳಿಯಲಿ, ಜನ ಹೋಗಲಿ ಎಂದು ಯಾರೋ ಕೂತು ನಿರ್ಧರಿಸಿದ್ದು ಅದು. ಸ್ಮಾರಕ ಉಳಿದದ್ದರ ಬಗ್ಗೆ ನನಗೆ ತಕರಾರಿಲ್ಲ, ಉಳಿಯಬೇಕು. ಯಾವುದು ನಿತ್ಯ, ಯಾವುದು ಅನಿತ್ಯ ಎಂದು ಸಹಿ ಹಾಕುವ ಕೈಯೊಂದು ಇರುತ್ತದೆ ಎಂಬುದನ್ನು ಮರೆಯಬಾರದು.

ಸ್ವಾತಂತ್ರ್ಯದ ಮೇಲೂ ಆ ಕೈ ದುಡಿಯಿತು. 1957ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ, 1962ರಲ್ಲಿ ಮೊದಲ ಮಾಸ್ಟರ್ ಪ್ಲಾನ್. ನಮ್ಮ ದೆಹಲಿ ಕರ್ನಾಟಕ ಸಂಘ ಇರುವ ಆರ್.ಕೆ. ಪುರಂ ಬಡಾವಣೆ ಎದ್ದದ್ದು ಸುತ್ತಲ ಹಳ್ಳಿಗಳ ಹೊಲಗಳ ಮೇಲೆ. ರಾಜ್ಯೋತ್ಸವಕ್ಕೆ, ಯಕ್ಷಗಾನಕ್ಕೆ ನಾವು ಸೇರುವ ನೆಲದಲ್ಲೂ ಎಂದೋ ಬಾಜ್ರಾ, ಕಡಲೆ ಬೆಳೆದಿರಬೇಕು. ಪಕ್ಕದ ಮುನಿರ್ಕಾದಲ್ಲಿ ಟೋಕಸ್ ಜಾಟರು ಇನ್ನೂ ಇದ್ದಾರೆ. ಹೊಲ ಹೋಯಿತು, ಲಾಲ್ ಡೋರಾ ಉಳಿಯಿತು. 1908ರ ಬಂದೋಬಸ್ತಿನಲ್ಲಿ ಮನೆಗಳ ಸುತ್ತ ನಕಾಶೆಯ ಮೇಲೆ ಕೆಂಪು ಶಾಯಿಯಲ್ಲಿ ಎಳೆದ ಗೆರೆ ಅದು. ಅದರೊಳಗೆ ಕಟ್ಟಡದ ನಿಯಮಗಳ ಬಿಗಿ ಇಲ್ಲದೆ ಮನೆಯ ಮೇಲೆ ಮನೆ ಎದ್ದಿದೆ, ಮಧ್ಯಾಹ್ನವೂ ದೀಪ ಬೇಕಾಗುವ ಓಣಿಗಳು. ಜೆಎನ್‌ಯುಗೆ ಓದಲು ಬಂದ ಹುಡುಗ, ಈಶಾನ್ಯದಿಂದ ಕೆಲಸಕ್ಕೆ ಬಂದ ಹುಡುಗಿ ಅಲ್ಲಿ ಬಾಡಿಗೆಗೆ ಇದ್ದಾರೆ. ಈಗಿನ ಬೆಳೆ ಬಾಡಿಗೆ. ತಿಂಗಳ ಮೊದಲ ವಾರ ಕೊಯ್ಲು. ಹಣ ಕೈ ಬದಲಾದ ಮೇಲೆ ಇಬ್ಬರಿಗೂ ಪರಸ್ಪರ ಬಾಕಿ ಏನೂ ಇಲ್ಲ. ಹಳೆಯ ಊರಿನಲ್ಲಿ ಬಾಕಿ ತೀರುತ್ತಲೇ ಇರಲಿಲ್ಲ. ಅದು ಸಂಕೋಲೆಯೂ ಆಗಿತ್ತು, ಆಸರೆಯೂ ಆಗಿತ್ತು. ತಿಂಗಳು ತಿಂಗಳು ತೀರಿಹೋಗುವ ಈ ಸಂಬಂಧದಲ್ಲಿ ಸಂಕೋಲೆ ಇಲ್ಲ, ಒಳ್ಳೆಯದೇ. ಜ್ವರ ಬಂದು ಮಲಗಿದ ಬಾಡಿಗೆದಾರನಿಗೆ ಗಂಜಿ ಕೊಡಬೇಕಾದವರು ಯಾರು ಎಂಬುದಕ್ಕೂ ಉತ್ತರ ಇಲ್ಲ. ಜನಗಣತಿಯ ಲೆಕ್ಕದಲ್ಲಿ ದೆಹಲಿಯ ಗ್ರಾಮಗಳು 2001ರಲ್ಲಿ 165, 2011ರಲ್ಲಿ 112.

ಹಳ್ಳಿಯನ್ನು ಉಳಿಸಿಕೊಳ್ಳಲು ಇನ್ನೊಂದು ದಾರಿ ಇದೆ, ಅದನ್ನು ತೋರಿಸಿದವರು ನಮ್ಮವರೇ. ಮೈಸೂರಿನ ಎಂ.ಎನ್. ಶ್ರೀನಿ­ವಾಸ್ 1959ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. ಅದೇ ವಿಭಾಗದ ಎಂ.ಎಸ್.ಎ. ರಾವ್ ದೆಹಲಿಯ ಅಂಚಿನ ಯಾದವರ ಹಳ್ಳಿಯೊಂದು ನಗರಕ್ಕೆ ಒಗ್ಗಿಕೊಂಡ ಬಗೆಯನ್ನು ಕುರಿತ ಪುಸ್ತಕವನ್ನು 1970ರಲ್ಲಿ ಪ್ರಕಟಿಸಿದರು. ಶ್ರೀನಿವಾಸರ ಹಳ್ಳಿ ಮಾತ್ರ ದೂರದ್ದು, 1948ರಲ್ಲಿ ಅವರು ಇದ್ದು ನೋಡಿದ ಮೈಸೂರು ಬಳಿಯ ಊರು. ಅದಕ್ಕೆ ರಾಂಪುರ ಎಂದೇ ಮರೆಹೆಸರು ಇಟ್ಟಿದ್ದರು; ಲೂಯಿಸ್ ದೆಹಲಿಯ ಹಳ್ಳಿಗೆ ಇಟ್ಟದ್ದೂ ಅದೇ ಹೆಸರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಶ್ರೀನಿವಾಸ್ ಕೂತು ಬರೆಯುತ್ತಿದ್ದ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ಇಷ್ಟು ವರ್ಷ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟವು. ಅವರು ನೆನಪನ್ನೇ ನೆಚ್ಚಿ ಬರೆದರು, 1976ರಲ್ಲಿ ಪುಸ್ತಕ ಬಂತು. ಟಿಪ್ಪಣಿ ಇದ್ದಿದ್ದರೆ ಕೋಷ್ಟಕಗಳು ಬರುತ್ತಿದ್ದವೇನೋ. ನೆನಪಿನಿಂದ ಬರೆದಾಗ ಜನ ಬಂದರು: ಊರ ಪಟೇಲನ ಗತ್ತು, ಅವನ ಸಿಟ್ಟು, ಹಸುಗಳ ಮೇಲಿನ ಅಕ್ಕರೆ, ಊರು ಬಿಡುವ ದಿನದ ಬೇಗುದಿ. ಬೆಂಕಿಗೆ ಕೃತಜ್ಞತೆ ಹೇಳುವ ಅತಿಗೆ ನಾನು ಹೋಗಲಾರೆ, ಕಳೆದದ್ದು ಕಳೆದದ್ದೇ. ಊರೊಂದರಲ್ಲಿ ಬದುಕಿದವನ ಮೈಯಲ್ಲಿ ಆ ಊರಿನ ಹಕ್ಕು ಮತ್ತು ಋಣಗಳು ಕಾಗದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತವೆ ಎಂದಷ್ಟೇ ಹೇಳಬಲ್ಲೆ.

ಇಷ್ಟೆಲ್ಲ ಹೋದ ಮೇಲೂ ದೆಹಲಿಯಲ್ಲಿ ಒಂದು ಕಸುಬು ನಿಂತಿದೆ. ಅದು ಯಾವ ಊರಿಗೂ ಸೇರಿದ್ದಲ್ಲ. ಗಾಡಿಯಾ ಲೋಹಾರರು ತಮ್ಮ ಕಥೆ ಹೇಳುವುದು ಹೀಗೆ: 1568ರಲ್ಲಿ ಚಿತ್ತೋಡದ ಕೋಟೆ ಅಕ್ಬರನ ವಶವಾದಾಗ ಅದನ್ನು ಮರಳಿ ಪಡೆಯುವವರೆಗೆ ನೆಲೆ ನಿಲ್ಲುವುದಿಲ್ಲ ಎಂದು ಹಿರಿಯರು ಆಣೆ ಮಾಡಿದರು. ಮನೆ ಕಟ್ಟುವುದಿಲ್ಲ, ದೀಪ ಹಚ್ಚುವುದಿಲ್ಲ, ಮಂಚದ ಮೇಲೆ ಮಲಗುವುದಿಲ್ಲ, ನೀರು ಸೇದುವ ಹಗ್ಗ ಇಟ್ಟುಕೊಳ್ಳುವುದಿಲ್ಲ. ಅನಿತ್ಯವನ್ನು ಹೀಗೆ ವ್ರತವಾಗಿ ಹಿಡಿದ ಇನ್ನೊಂದು ಕಸುಬಿನ ಜನ ನನಗೆ ಗೊತ್ತಿಲ್ಲ. 1955ರ ಏಪ್ರಿಲ್ 6ರಂದು ನೆಹರೂ ಈ ಜನರನ್ನು ಚಿತ್ತೋಡದ ಕೋಟೆಯೊಳಗೆ ಕರೆದೊಯ್ದು ಆಣೆ ಬಿಡಿಸಿದರು. ಆದರೂ ಬಹಳ ಮಂದಿಗೆ ನೆಲೆ ಸಿಗಲಿಲ್ಲ, ಗಾಡಿಗಳು ದೆಹಲಿಯ ರಸ್ತೆಬದಿಗೆ ಬಂದು ನಿಂತವು.

ದಕ್ಷಿಣ ದೆಹಲಿಯ ಮೇಲ್ಸೇತುವೆಯೊಂದರ ಪಕ್ಕ ಅಂಥ ಒಂದು ಸಾಲು ಇದೆ. ಹಿತ್ತಾಳೆ ಮೊಳೆ ಹೊಡೆದ ಗಾಡಿಯ ಚಕ್ರಗಳಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದಾರೆ, ಮೇಲೆ ನೀಲಿ ತಾಡಪಾಲು. ನೆಲದಲ್ಲಿ ಹೂತ ಅಡಿಗಲ್ಲು. ಗಂಡ ಕುಳಿತು ಇಕ್ಕಳದಲ್ಲಿ ಕೆಂಪಗೆ ಕಾದ ಕಬ್ಬಿಣ ಹಿಡಿದು ತಿರುಗಿಸುತ್ತಾನೆ. ಸುತ್ತಿಗೆ ಹೆಂಡತಿಯದು. ತಲೆಯ ಮೇಲಿಂದ ಬೀಸಿ ಅವನು ತಿರುಗಿಸಿದ ಕಡೆಗೇ ಏಟು ಬೀಳುತ್ತದೆ, ಮಾತಿಲ್ಲ, ಎಣಿಕೆಯಿಲ್ಲ. ಹಿಂದೆ ಕುಡಗೋಲು, ಗುಳ ಮಾಡುತ್ತಿದ್ದವರು ಈಗ ಹೆಚ್ಚಾಗಿ ಚಾಣ, ಗುದ್ದಲಿ, ತವಾ ಮಾಡುತ್ತಾರೆ. ಕೊಳ್ಳುವವರು ಗೋಡೆ ಒಡೆಯುವ ಕೂಲಿಯವರು. ಹಳ್ಳಿಗಳು ಹೋದ ಮೇಲೆ ಉಳಿದ ಕಮ್ಮಾರ, ಹಳೆಯದನ್ನು ಒಡೆಯಲು ಬೇಕಾದ ಸಲಕರಣೆ ಮಾಡಿ ಬದುಕುತ್ತಿದ್ದಾನೆ.

ಒಂದು ತವಾ ಕೊಂಡು ಮಾತಿಗೆ ನಿಂತಾಗ ಆಕೆ ಕೇಳಿದ್ದು ಆಣೆಯ ಬಗ್ಗೆ ಅಲ್ಲ, ಮಗಳ ಶಾಲೆಯ ಬಗ್ಗೆ. ಫಾರ್ಮಿನಲ್ಲಿ ಮನೆಯ ವಿಳಾಸ ಕೇಳುತ್ತಾರಂತೆ. ಕಂಬದ ನಂಬರು ಬರೆದರೆ ಆಗುತ್ತದೆಯೇ ಎಂದಳು. ಬಲವಂತಕ್ಕೆ ಬಂದ ಅನಿತ್ಯ ಬೇರೆ, ಆರಿಸಿಕೊಂಡದ್ದು ಬೇರೆ. ಇವಳ ಹಿರಿಯರು ಆರಿಸಿಕೊಂಡಿದ್ದರು, ಇವಳು ಆರಿಸಿಕೊಂಡಿಲ್ಲ. ರಾಜಧಾನಿಗಾಗಿ ಇಷ್ಟು ಊರುಗಳ ನೆಲವನ್ನು ಒಂದು ಸಹಿಯಿಂದ ತೆಗೆದುಕೊಂಡ ಈ ನಗರ, ಇನ್ನೊಂದು ಸಹಿಯಿಂದ ಈ ಸಾಲಿನ ಮನೆಗಳಿಗೆ ಬಾಗಿಲ ನಂಬರು ಕೊಡಬಹುದು. ಕೊಡಬೇಕು. ಶಾಲೆಯ ಸೇರ್ಪಡೆ ಏಪ್ರಿಲ್ ಮೊದಲಿಗೆ ಶುರುವಾಗುತ್ತದೆ. ಫಾರ್ಮು ತುಂಬಿಸಲು ಭಾನುವಾರ ಬರುತ್ತೇನೆ ಎಂದು ಹೇಳಿದ್ದೇನೆ.